ಎರಡೂ ಬಲಗಡೆಯ ರೆಕ್ಕೆ

ನನ್ನ ಅಂಗಡಿಯಲ್ಲಿ ಕತ್ತರಿ ತೂಗುಹಾಕುವ ಮೊಳೆಯ ಪಕ್ಕದ ಮೊಳೆಗೆ ಒಂದು ಮರದ ತುಂಡು ನೇತಾಡುತ್ತಿರುತ್ತದೆ. ಒಂದೂವರೆ ಗೇಣು ಉದ್ದ, ಹಪ್ಪಳದಷ್ಟು ಹಗುರ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಚೂಪಗೆ, ನಡುವೆ ಎರಡು ಗುಂಡನೆಯ ತೂತು. ಕುಪ್ಪಸದ ತೋಳು ಕತ್ತರಿಸುವಾಗ ಕಂಕುಳ ಹತ್ತಿರದ ಬಾಗು ಗುರುತು ಮಾಡಲು ಇದನ್ನೇ ಬಟ್ಟೆಯ ಮೇಲಿಟ್ಟು ಸೀಮೆಸುಣ್ಣ ಎಳೆಯುತ್ತೇನೆ. ಪೇಟೆಯಲ್ಲಿ ಸಿಗುವ ಯಾವ ಪಟ್ಟಿಯಲ್ಲೂ ಇಷ್ಟು ಚೆಂದದ ಬಾಗು ಇಲ್ಲ.

ಮೊನ್ನೆ ಇಳಕಲ್ಲಿನಿಂದ ಒಬ್ಬ ಹೆಣ್ಣುಮಗಳು ಕುಪ್ಪಸ ಹೊಲಿಸಲು ಗುಳೇದಗುಡ್ಡದ ಖಣ ತಂದಿದ್ದರು. ನಾನು ಈ ತುಂಡನ್ನು ಖಣದ ಮೇಲೆ ಇಟ್ಟದ್ದೇ ತಡ, ಅವರು ಸ್ಟೂಲಿನಿಂದ ಎದ್ದು ಹತ್ತಿರ ಬಂದು ನಿಂತರು.

"ಏನ್ರಿ ಟೇಲರ್, ಅಳತಿ ಪಟ್ಟಿ ಬಿಟ್ಟು ಇದೇನ್ ಹಿಡದೀರಿ? ನನ್ನ ಖಣದಾಗ ಗೇಣು ಉಳಿಸ್ಕೊಳ್ಳಾಕ ಹೊಸಾ ಉಪಾಯೇನು?"

ನಾನು ನಕ್ಕೆ. ನೀವೂ ಯಾವಾಗಲಾದರೂ ಸಿಂಪಿಗನ ಎದುರು ಹೀಗೆ ನಿಂತಿರುತ್ತೀರಿ, ಸುಳ್ಳು ಹೇಳಬೇಡಿ. ಬಟ್ಟೆ ಕೊಟ್ಟು ಹೋಗುವವರು ಕಡಿಮೆ, ನಿಂತು ನೋಡುವವರೇ ಹೆಚ್ಚು. ಉಳಿದ ಚೂರು ಚೂರನ್ನೂ ಗಂಟು ಕಟ್ಟಿಸಿಕೊಂಡು ಒಯ್ಯುವವರಿದ್ದಾರೆ. ಜಂಪರು ಬಿಗಿಯಾದರೆ ನಾನು ಬಟ್ಟೆ ಕದ್ದೆ, ಸಡಿಲವಾದರೆ ನನಗೆ ಕೆಲಸ ಬರುವುದಿಲ್ಲ. ಮೂವತ್ತೈದು ವರ್ಷ ಈ ಕಮತಗಿಯಲ್ಲಿ ಊರವರೆಲ್ಲರ ಸಂಶಯದ ಕಣ್ಣಿನ ಕೆಳಗೆ ಹೊಲಿಗೆ ಹಾಕಿದವನು ನಾನು. ಇಷ್ಟು ದಿನ ಬೇರೆಯವರ ಸಂಶಯ ತಿಂದವನಿಗೆ ಅದರ ರುಚಿ ಸಾಕಾಗಿರಬೇಕು ಅಂತ ನೀವು ತಿಳಿದರೆ ತಪ್ಪು. ಅದು ನನಗೂ ಹತ್ತಿಕೊಂಡಿತು. ಗುಂಡಿ ಡಬ್ಬಿಯನ್ನು ದಿನಾ ಸಂಜೆ ಎಣಿಸುತ್ತೇನೆ. ಚಹಾದಂಗಡಿಯವನು ನನ್ನ ಲೋಟಕ್ಕೆ ಮಾತ್ರ ಎರಡನೇ ಸಲ ಕುದಿಸಿದ ಪುಡಿ ಹಾಕುತ್ತಾನೆ ಎಂದು ನನ್ನ ಗುಮಾನಿ. ನನ್ನ ಹೆಂಡತಿ ಶಾಂತವ್ವ ಕನಸಿನಲ್ಲಿ ನಕ್ಕರೆ ಯಾಕೆ ನಕ್ಕಳು ಎಂದು ಬೆಳಿಗ್ಗೆ ಕೇಳುತ್ತೇನೆ.

ಆ ಮರದ ತುಂಡು ಒಂದು ವಿಮಾನದ ರೆಕ್ಕೆಯ ಎಲುಬು. ನನ್ನ ಅಣ್ಣ ಸಂಗಪ್ಪ ಕಟ್ಟಿದ ವಿಮಾನ. ಆಟಿಕೆಯದಲ್ಲ, ಹಳೆಯ ಕಾಲದ ಒಂಟಿ ಆಸನದ ಯುದ್ಧವಿಮಾನವನ್ನು ಐದನೇ ಒಂದು ಪಾಲಿಗೆ ಇಳಿಸಿ, ಪೆಟ್ರೋಲ್ ಎಂಜಿನ್ ಕೂರಿಸಿ, ಕೈಯಲ್ಲಿ ರಿಮೋಟ್ ಹಿಡಿದು ನೆಲದ ಮೇಲಿಂದ ಹಾರಿಸುವಂಥದು. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಏಳೂವರೆ ಅಡಿ. ಅದನ್ನು ತನ್ನ ಕೈಯಿಂದಲೇ ಕಟ್ಟಬೇಕು, ತನ್ನ ಕೈಯಿಂದಲೇ ಹಾರಿಸಬೇಕು ಎಂಬುದು ಅವನ ಆಸೆ. ಆದರೆ ಅವನ ಕೈಗೆ ನಡುಕ ಶುರುವಾಗಿತ್ತು. ದಿನ ಕಳೆದಂತೆ ಹೆಚ್ಚಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಕೈ ನೆಟ್ಟಗಿರುವಷ್ಟರಲ್ಲಿ ವಿಮಾನ ಮುಗಿಯಬೇಕಿತ್ತು. ಅಂಥ ದಿನಗಳಲ್ಲಿ ಒಂದು ಇಡೀ ಮಳೆಗಾಲವನ್ನು ನಾನು ಹಾಳುಮಾಡಿದೆ. ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅದನ್ನು ಹೇಳಿಕೊಳ್ಳಲೆಂದೇ ಕೂತಿದ್ದೇನೆ. ಐದನೇ ಇಯತ್ತೆಗೆ ಸಾಲೆ ಬಿಟ್ಟವನ ಬರವಣಿಗೆ, ಅಲ್ಲಲ್ಲಿ ಹೊಲಿಗೆ ಬಿಚ್ಚಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಸೈನ್ಯದ ವಿಮಾನಗಳು ಇಳಿಯುವ ಕಡೆ, ಸ್ಟೋರಿನಲ್ಲಿ, ಸಾಮಾನು ಕೊಡುವ ಕೆಲಸ ಮಾಡಿದ. ಬೋಲ್ಟು ಬೇಕೆಂದವರಿಗೆ ಬೋಲ್ಟು, ಟೈರು ಬೇಕೆಂದವರಿಗೆ ಟೈರು, ಪ್ರತಿಯೊಂದಕ್ಕೂ ಎರಡು ಪ್ರತಿ ಚೀಟಿ. ಊರವರು ಮಾತ್ರ ಅವನು ವಿಮಾನ ಹಾರಿಸುತ್ತಿದ್ದ ಎಂದೇ ನಂಬಿದ್ದರು. ರಜೆಯಲ್ಲಿ ಬಂದಾಗ ಅವನೇನೂ ಹಾಗೆ ಹೇಳಿಕೊಳ್ಳುತ್ತಿರಲಿಲ್ಲ; ಇಲ್ಲ ಎಂದೂ ಅನ್ನುತ್ತಿರಲಿಲ್ಲ. ಆ ಸುಮ್ಮನಿರುವಿಕೆಯ ಮೇಲೂ ನನಗೆ ಸಂಶಯವಿತ್ತು. ಅಲ್ಲಿಂದ ನಿವೃತ್ತನಾಗಿ ಒಂದಷ್ಟು ವರ್ಷ ಬೇರೆ ಊರಿನಲ್ಲಿ ಗೋದಾಮು ನೋಡಿಕೊಂಡ. ಅತ್ತಿಗೆ ತೀರಿಕೊಂಡ ಮೇಲೆ ಎರಡು ಟ್ರಂಕು ತೆಗೆದುಕೊಂಡು ನಮ್ಮ ಮನೆಗೆ ಬಂದ. ನಮ್ಮ ಮನೆ ಅಂದೆ. ಅವನ ಮನೆಯೂ ಹೌದು. ಇಬ್ಬರ ಹೆಸರಿಗೂ ಇದೆ. ಎಲ್ಲ ರಗಳೆ ಇಲ್ಲಿಂದಲೇ ಶುರುವಾಯಿತು.

ಬಂದು ಮೂರು ತಿಂಗಳಿಗೆ ಅವನ ಹೆಸರಿಗೆ ಒಂದು ಉದ್ದನೆಯ ಕೊಳವೆ ಪಾರ್ಸಲ್ ಬಂತು. ಒಳಗೆ ಸುತ್ತಿದ ಕಾಗದ. ಪಡಸಾಲೆಯಲ್ಲಿ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟ. ತುಂಬ ಗೆರೆ, ಗೆರೆಗಳ ಪಕ್ಕ ಅಂಕಿ, ಅಂಕಿಗಳ ಪಕ್ಕ ಇಂಗ್ಲಿಷು. ಏನಿದು ಎಂದು ಕೇಳಿದೆ. "ನಕ್ಷೆ" ಎಂದ. ನಮ್ಮ ಕಡೆ ಮನೆಗೆ ನಕ್ಷೆ ಬಂತೆಂದರೆ ಅದರ ಹಿಂದೆ ಮನೆ ಪಾಲಾಗುವುದು ಬಂತೆಂದೇ ಅರ್ಥ. ವಿಮಾನದ್ದು ಎಂದೂ ಅವನು ಹೇಳಿದ. ವಿಮಾನದ್ದು ಅಂತ ಹೇಳದೆ ಪಾಲಿನದ್ದು ಅಂತ ಹೇಳುತ್ತಾನೆಯೇ, ಅಂದುಕೊಂಡೆ.

ಮರುದಿನ ಟೇಪು ಹಿಡಿದು ಪಡಸಾಲೆ ಅಳೆದ. ಆಮೇಲೆ ನಡುಮನೆ ಅಳೆದ. ರೆಕ್ಕೆ ಜೋಡಿಸಿದ ಮೇಲೆ ಯಾವ ಕೋಣೆಯಲ್ಲಿ ಹಿಡಿಸುತ್ತದೆ ಎಂದು ನೋಡುತ್ತಿದ್ದನಂತೆ. ಮೂರನೇ ದಿನ ನಾನು ಅಂಗಡಿಯಿಂದ ಊಟಕ್ಕೆ ಬಂದರೆ ನಡುಮನೆಯ ಬಾಗಿಲೇ ಇಲ್ಲ. ಚೌಕಟ್ಟು ಮಾತ್ರ ಬಾಯಿ ತೆರೆದು ನಿಂತಿದೆ. ಬಾಗಿಲನ್ನು ಕಿತ್ತು, ಬಡಗಿಗಳು ಇಟ್ಟುಕೊಳ್ಳುವ ನಾಲ್ಕು ಕಾಲಿನ ಎರಡು ಕಟ್ಟಿಗೆ ಕುದುರೆಗಳ ಮೇಲೆ ಅಡ್ಡ ಮಲಗಿಸಿದ್ದಾನೆ.

"ಡೊಂಕು ಇಲ್ಲದ ಹಲಗಿ ಬೇಕಾಗಿತ್ತೋ ಈರ್ಯಾ. ಹಳೇ ಸಾಗವಾನಿ, ಎಷ್ಟು ನೆಟ್ಟಗೈತಿ ನೋಡಿಲ್ಲೆ."

ನಾನು ಕೂತು ರೊಟ್ಟಿ ಮುರಿದೆ. ಶಾಂತವ್ವ ಮಾತ್ರ ಅಡುಗೆಮನೆಯಿಂದ ನನ್ನ ಮುಖ ನೋಡಿ, ಪಲ್ಯ ಬಡಿಸುತ್ತ ತಗ್ಗಿದ ದನಿಯಲ್ಲಿ ಅಂದಳು: "ಬಾಗಿಲಾ ಒಂದ ಹೋದದ್ದು. ಗ್ವಾಡಿ ಇನ್ನೂ ಅದಾವು. ಉಣ್ರಿ."

ಅವಳಿಗೆ ತಮಾಷೆ. ನನಗೆ ನಲವತ್ತೈದು ವರ್ಷ ಹಿಂದಿನ ಕರದಂಟು ನೆನಪಾಗುತ್ತಿತ್ತು.

ಅದನ್ನು ಹೇಳಿಬಿಡುತ್ತೇನೆ. ಸಾಲೆಯಿಂದ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ನಾನು ನಾಲ್ಕನೇ ಇಯತ್ತೆ, ಅಣ್ಣ ಏಳನೆಯದು. ಅವ್ವ ಇಬ್ಬರಿಗೂ ಅಮೀನಗಡದ ಕರದಂಟಿನ ಒಂದೊಂದು ತುಂಡನ್ನು ಕೆಂಪು ಚೌಕಳಿಯ ಬಟ್ಟೆಯ ಚೂರಿನಲ್ಲಿ ಕಟ್ಟಿ ಕೊಟ್ಟಿದ್ದಳು. ಅಂದಿನ ದಿನಕ್ಕೆ ಅದು ಬಾಣಂತಿಯರು ತಿನ್ನುವ ತಿನಿಸು. ನಮಗೆಲ್ಲ ಸಿಗುತ್ತಿದ್ದುದು ವಾಸನೆ ಮಾತ್ರ. ಗುಹೆಗಳ ಮೆಟ್ಟಿಲಿನ ಹತ್ತಿರ ಅಣ್ಣ, ಸಣ್ಣವರ ಕೈಮೇಲೆ ಮಂಗಗಳು ಬೀಳುತ್ತವೆ, ಕೊಡು ನಾನು ಹಿಡಿದುಕೊಳ್ಳುತ್ತೇನೆ ಎಂದ. ಕೊಟ್ಟೆ. ನಳದಲ್ಲಿ ನೀರು ಕುಡಿದು ಬರುವಷ್ಟರಲ್ಲಿ ನನ್ನ ಗಂಟು ಮಾಯ. "ಮಂಗ್ಯಾ ಒಯ್ತೋ" ಎಂದ. ಅವನ ತುಟಿ ಬೆಲ್ಲದಿಂದ ಮಿಂಚುತ್ತಿತ್ತು. ತನ್ನ ತುಂಡಿನಲ್ಲಿ ಉಳಿದಿದ್ದ ಅರ್ಧವನ್ನು ನನಗೆ ಕೊಟ್ಟ. ನಾನು ಅದನ್ನು ಅಗಿಯುತ್ತ, ಕದ್ದವನು ಹೀಗೆಯೇ ಅರ್ಧ ಕೊಟ್ಟು ಬಾಯಿ ಮುಚ್ಚಿಸುತ್ತಾನೆ ಎಂದು ನಿರ್ಧಾರ ಮಾಡಿದೆ. ಮಂಗಗಳೇನೋ ಇದ್ದವು. ಬಾದಾಮಿಯಲ್ಲಿ ಮಂಗ ಕೂರದ ಗೋಡೆ ಯಾವುದಿದೆ?

ಅಷ್ಟು ಸಣ್ಣ ವಿಷಯವನ್ನು ಇಷ್ಟು ವರ್ಷ ಇಟ್ಟುಕೊಂಡಿರುವ ಮನುಷ್ಯ ಎಂಥವನು ಎಂದು ನೀವು ಕೇಳಬಹುದು. ಸಿಂಪಿಗ. ನಾನು ಚೂರು ಚೂರನ್ನೂ ಗಂಟು ಕಟ್ಟಿ ಇಡುವವನು.

ಕೆಲಸ ಶುರುವಾಯಿತು. ಬಾಲ್ಸಾ ಎನ್ನುವ ಕಟ್ಟಿಗೆ ಪಾರ್ಸಲಿನಲ್ಲಿ ಬರುತ್ತಿತ್ತು. ದೊಡ್ಡ ಪೆಟ್ಟಿಗೆಯನ್ನು ಕಿರುಬೆರಳಿನಲ್ಲಿ ಎತ್ತಬಹುದಿತ್ತು. ಒಳಗೆ ಏನೂ ಇಲ್ಲ, ಇದೆಲ್ಲ ನಾಟಕ ಎಂದು ನಾನು ಒಂದು ಪೆಟ್ಟಿಗೆಯನ್ನು ಗುಟ್ಟಾಗಿ ಬಿಚ್ಚಿ ನೋಡಿದ್ದೂ ಉಂಟು. ಅಣ್ಣ ಬಾಗಿಲಿನ ಮೇಲೆ ನಕ್ಷೆ ಹಾಸಿ, ಗೆರೆಯ ಮೇಲೆಯೇ ಎಲುಬು ನಿಲ್ಲಿಸಿ, ಗುಂಡುಸೂಜಿ ಚುಚ್ಚಿ ಅಂಟು ಹಾಕುತ್ತಿದ್ದ. ನಕ್ಷೆ ಎಂದರೆ ಅಸಲಿ ಅಳತೆಯದೇ. ಗೆರೆ ಎಷ್ಟುದ್ದವೋ ಕಟ್ಟಿಗೆ ಅಷ್ಟುದ್ದ. ನನ್ನ ಗುಂಡುಸೂಜಿಗಳನ್ನೇ ಕೇಳಿ ಒಯ್ದ. ಎಣಿಸಿ ಕೊಟ್ಟೆ.

ಸಂಜೆ ಹೊತ್ತು ಊರ ಹೊರಗಿನ ಹೊಲದಲ್ಲಿ ಥರ್ಮಾಕೋಲಿನಂಥ ಹಗುರ ಸಣ್ಣ ವಿಮಾನ ಹಾರಿಸಿ ಕೈ ಪಳಗಿಸುತ್ತಿದ್ದ. ಒಮ್ಮೆ ಜೋಳದ ಹೊಲದ ಬದುವಿನಲ್ಲಿ ಮರೆಯಾಗಿ ನಿಂತು ನೋಡಿದೆ. ಆಗಿನ್ನೂ ಅವನ ಹೆಬ್ಬೆರಳು ಮಾತು ಕೇಳುತ್ತಿದ್ದವು. ಹದ್ದು ಸುತ್ತಿದ ಹಾಗೆ ಸುತ್ತಿಸಿ, ತಾನು ನಿಂತಲ್ಲಿಯೇ, ಕಾಲ ಬುಡಕ್ಕೆ ತಂದು ಇಳಿಸಿದ. ಸ್ಟೋರಿನವನಿಗೆ ಇಷ್ಟು ಹೇಗೆ ಬಂತು, ಹಾಗಾದರೆ ನಿಜವಾಗಿಯೂ ಹಾರಿಸುತ್ತಿದ್ದನೋ ಏನೋ, ನಮಗೆ ಮಾತ್ರ ಹೇಳಲಿಲ್ಲವೋ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಹೊಸ ಸಂಶಯ.

ಹದಿನೈದು ದಿನಕ್ಕೊಮ್ಮೆ ಅವನು ಬಾಗಲಕೋಟೆಗೆ ಹೋಗುತ್ತಿದ್ದ. ಯಾಕೆ ಎಂದರೆ "ಸ್ವಲ್ಪ ಕೆಲಸೈತಿ" ಅನ್ನುತ್ತಿದ್ದ. ಸ್ವಲ್ಪ ಕೆಲಸ ಇರುವವನು ಇಸ್ತ್ರಿ ಅಂಗಿ ಹಾಕಿ, ಬಗಲಲ್ಲಿ ಫೈಲು ಹಿಡಿದು ಹೋಗುತ್ತಾನೆಯೇ? ಒಂದು ಸಲ ಅಂಗಡಿಗೆ ಬೀಗ ಹಾಕಿ, ತಲೆಗೆ ಟವಲು ಸುತ್ತಿ, ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿದೆ. ಇಷ್ಟು ವರ್ಷ ಈ ಬಸ್ಸಿನಲ್ಲಿ ಓಡಾಡಿದ ನನ್ನನ್ನು ಕಂಡಕ್ಟರ್ ಗುರುತು ಹಿಡಿದು, "ಯಾಕ್ರಿ ಟೇಲರ್, ಹಲ್ಲು ನೋವೇನು?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ. ಅದೃಷ್ಟಕ್ಕೆ ಅಣ್ಣ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಬಾಗಲಕೋಟೆಯಲ್ಲಿ ಇಳಿದು, ನಾಲ್ಕು ಓಣಿ ದಾಟಿ, ಅವನು ಒಂದು ಕಟ್ಟಡಕ್ಕೆ ಹೊಕ್ಕ. ಎದುರಿನ ಪಾನ್ ಅಂಗಡಿಯ ಹಿಂದೆ ನಿಂತು ನೋಡಿದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ವಕೀಲರ ಬೋರ್ಡು. ಅಷ್ಟು ಓದಲು ಐದನೇ ಇಯತ್ತೆ ಸಾಕು.

ಅದೇ ಕಟ್ಟಡದ ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ನರರೋಗದ ವೈದ್ಯರಿದ್ದಾರೆ. ಅಣ್ಣ ಹೋಗುತ್ತಿದ್ದುದು ಅವರ ಹತ್ತಿರ. ಫೈಲಿನಲ್ಲಿದ್ದುದು ಅವರ ಚೀಟಿಗಳು. ನಾನು ಅಂದು ಕತ್ತು ಎತ್ತಿದ್ದರೆ ಆ ಬೋರ್ಡೂ ಕಾಣುತ್ತಿತ್ತು. ಎತ್ತಲಿಲ್ಲ. ಬೇಕಾದದ್ದು ಸಿಕ್ಕ ಮೇಲೆ ಯಾರು ಹುಡುಕುತ್ತಾರೆ?

ಆ ವಾರವೇ ನಾನು ಅದನ್ನು ಕಂಡದ್ದು.

ಮೃಗಶಿರಾ ಮಳೆ ಜಿನುಗುತ್ತಿತ್ತು. ಒಂದು ರೆಕ್ಕೆ ಮುಗಿದು ಗೋಡೆಗೆ ತೂಗುತ್ತಿತ್ತು. ಅಣ್ಣ ಎರಡನೆಯದು ಶುರುಮಾಡಿದ್ದ. ಅಸಲಿ ನಕ್ಷೆ ಹಾಳಾಗಬಾರದೆಂದು ಬಾಗಲಕೋಟೆಯಲ್ಲಿ ರೆಕ್ಕೆಯ ಹಾಳೆಯನ್ನು ಎರಡು ಝೆರಾಕ್ಸ್ ಮಾಡಿಸಿದ್ದ. ಸ್ಟೋರಿನವನ ಕೈ, ಏನಿದ್ದರೂ ಎರಡು ಪ್ರತಿ. ಒಂದರ ಮೇಲೆ ಮೊದಲ ರೆಕ್ಕೆ ಕಟ್ಟಿದ್ದ, ಇನ್ನೊಂದರ ಮೇಲೆ ಎರಡನೆಯದು ಕಟ್ಟುತ್ತಿದ್ದ. ನಾಲ್ಕು ಎಲುಬು ನಿಂತಿದ್ದವು. ನಾನು ಚಹಾ ಕೊಡಲು ಹೋದವನು ಬಾಗಿಲಿನ ಮೇಲಿನದನ್ನು ನೋಡಿದೆ, ಗೋಡೆಯ ಮೇಲಿನದನ್ನು ನೋಡಿದೆ. ಎರಡೂ ಒಂದೇ ಕೈಯವು.

ನಕ್ಷೆಯಲ್ಲಿ ಬಲಗಡೆಯ ರೆಕ್ಕೆ ಒಂದನ್ನೇ ಬರೆದಿರುತ್ತಾರಂತೆ. ಎಡಗಡೆಯದಕ್ಕೆ ಅದನ್ನೇ ತಿರುವಿ ಹಾಕಿಕೊಳ್ಳಬೇಕು. ಮೂಲೆಯಲ್ಲಿ ಸಣ್ಣ ಇಂಗ್ಲಿಷಿನಲ್ಲಿ ಆ ಮಾತು ಇತ್ತಂತೆ. ಅಣ್ಣನಿಗೆ ಇಂಗ್ಲಿಷು ಬರುತ್ತದೆ, ಆದರೂ ಓದಲಿಲ್ಲ. ನನಗೆ ಇಂಗ್ಲಿಷು ಬರುವುದಿಲ್ಲ, ಓದುವ ಅಗತ್ಯ ಬೀಳಲಿಲ್ಲ. ಏಕೆಂದರೆ ಇದೇ ತಪ್ಪು ಮಾಡಿ ನಾನು ಒಂದು ದಿನ ಪೂರ್ತಿ ಅಂಗಡಿಯಲ್ಲಿ ನಗೆಪಾಟಲಾಗಿ ಕೂತವನು.

ಸಾಲೆ ಬಿಟ್ಟ ವರ್ಷ, ಹುಸೇನಸಾಬ ಮಾಸ್ತರರ ಅಂಗಡಿಯಲ್ಲಿ ಕಲಿಯಲು ಕೂತಿದ್ದೆ. ಒಂದು ಅಂಗಿಯ ತೋಳು ಕತ್ತರಿಸಲು ಕೊಟ್ಟರು. ಬಟ್ಟೆಯನ್ನು ಮಡಚಿ ಕತ್ತರಿಸಿದರೆ ಒಂದು ಬಲ, ಒಂದು ಎಡ ತಾನಾಗಿ ಬರುತ್ತವೆ. ನಾನು ಮಡಚದೆ, ಒಂದು ತೋಳು ಕತ್ತರಿಸಿ, ಅದನ್ನೇ ಮಾದರಿ ಇಟ್ಟು ಇನ್ನೊಂದು ಕತ್ತರಿಸಿದೆ. ತೋಳಿಗೆ ಮುಂದಿನ ಬಾಗು ಬೇರೆ, ಹಿಂದಿನ ಬಾಗು ಬೇರೆ. ಎರಡೂ ಬಲಗೈಯವೇ ಆದವು. ಮಾಸ್ತರರು ಬೈಯಲಿಲ್ಲ. ಅದನ್ನೇ ಹೊಲಿದು ನನಗೆ ತೊಡಿಸಿ, ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಎಡಗೈ ಎತ್ತಿದರೆ ಬೆನ್ನು ಎಳೆಯುತ್ತಿತ್ತು. ಸಂಜೆಯ ತನಕ ಬಂದವರಿಗೆಲ್ಲ, "ಈ ಹುಡುಗನಿಗೆ ಎಡಗೈ ಇಲ್ಲ, ಎರಡೂ ಬಲಗೈನೇ, ಭಾಳ ನಸೀಬದಾಂವ" ಎಂದು ಪರಿಚಯ ಮಾಡಿಕೊಟ್ಟರು. ಆಮೇಲೆ ನನ್ನ ಕಣ್ಣಿಗೆ ಇಂಥ ತಪ್ಪು ತಪ್ಪಿಸಿಕೊಂಡದ್ದಿಲ್ಲ.

ಹಾಗಾಗಿ ನನಗೆ ಗೊತ್ತಾಯಿತು. ನಾಲ್ಕೇ ಎಲುಬು, ಅಂದೇ ಹೇಳಿದ್ದರೆ ಸಂಜೆಯೊಳಗೆ ಬಿಚ್ಚಬಹುದಿತ್ತು. ಬಾಯಿ ತೆರೆದೆ. ಅಣ್ಣ ತಲೆ ಎತ್ತಿ, "ಏನೋ?" ಎಂದ. ವಕೀಲರ ಬೋರ್ಡು ಕಣ್ಣ ಮುಂದೆ ಬಂತು. "ಚಾ ಆರತೈತಿ" ಎಂದೆ.

ಮರುದಿನ ಹೇಳೋಣ ಅಂದುಕೊಂಡೆ. ಮರುದಿನ ಆರು ಎಲುಬು ಆಗಿದ್ದವು. ಕೇಳಲಿ ಬಿಡು, ನಕ್ಷೆ ಓದಲು ಬರುವವನು ಅವನು ಅಂದುಕೊಂಡೆ. ಒಂದು ವಾರದ ಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಎರಡು ವಾರದ ಮೇಲೆ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಸುಳ್ಳು ಹೇಳುವವನು ಒಂದು ಸಲ ಹೇಳಿ ಮುಗಿಸುತ್ತಾನೆ. ಹೇಳದೆ ಇರುವವನು ದಿನಾ ಹೊಸದಾಗಿ ಹೇಳದೆ ಇರಬೇಕು. ಮಳೆಗಾಲ ಪೂರ್ತಿ ದಿನಾ ಚಹಾ ಒಯ್ದೆ, ದಿನಾ ನೋಡಿದೆ, ದಿನಾ ಲೋಟ ತೆಗೆದುಕೊಂಡು ಬಂದೆ. ಶಾಂತವ್ವ ಒಮ್ಮೆ ಕೇಳಿಯೂ ಬಿಟ್ಟಳು: "ಏನ್ರಿ, ಅಣ್ಣಾರ ಕೋಲ್ಯಾಗಿಂದ ಬರೂವಾಗ ಬಾಯಾಗ ಗುಂಡುಸೂಜಿ ಹಿಡಕೊಂಡಾಂಗ ಯಾಕ ಬರ್ತೀರಿ?" ಅವನು ನನ್ನ ಗುಂಡುಸೂಜಿಗಳನ್ನು ಇನ್ನೂ ವಾಪಸು ಕೊಟ್ಟಿಲ್ಲ ಎಂದು ಅವನ ಮೇಲೆಯೇ ದೂರು ಹೇಳಿದೆ.

ಆ ದಿನಗಳಲ್ಲಿ ಅಣ್ಣನ ಕೆಲಸ ನಿಧಾನವಾಗಿದ್ದು ನನಗೆ ಕಾಣುತ್ತಿತ್ತು. ಅಂಟಿನ ಹನಿ ಗೆರೆ ತಪ್ಪಿ ಬೀಳುತ್ತಿತ್ತು. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ್ದ. ಛಳಿ ಇರಬೇಕು ಅಂದುಕೊಂಡೆ. ಎಲ್ಲದರ ಮೇಲೂ ಸಂಶಯಪಡುವ ನಾನು, ಸಂಶಯಪಡಬೇಕಾಗಿದ್ದ ಆ ಒಂದರ ಮೇಲೆ ಮಾತ್ರ ಪಡಲಿಲ್ಲ.

ದಸರೆಯ ಹಿಂದಿನ ವಾರ ರೆಕ್ಕೆ ಜೋಡಿಸುವ ದಿನ ಬಂತು. ಅಣ್ಣ ನಮ್ಮಿಬ್ಬರನ್ನೂ ಕರೆದ. ವಿಮಾನದ ಒಡಲು ಪಡಸಾಲೆಯ ನಡುವೆ ಕೂತಿತ್ತು. ಬಲರೆಕ್ಕೆ ಹಚ್ಚಿದ, ಚೆಂದವಾಗಿ ಕೂತಿತು. ಎರಡನೆಯದನ್ನು ಎಡಕ್ಕೆ ಹಿಡಿದ. ಗಾಲಿ ಕೂರುವ ಕುಳಿ ಕೆಳಗೆ ಬರುವಂತೆ ಹಿಡಿದರೆ ರೆಕ್ಕೆಯ ಮೂತಿ, ಅಂದರೆ ಗಾಳಿ ಸೀಳುವ ದುಂಡನೆಯ ಅಂಚು, ಹಿಂದಾಯಿತು. ಮೂತಿಯನ್ನು ಮುಂದೆ ಮಾಡಿದರೆ ಕುಳಿ ಆಕಾಶ ನೋಡಿತು. ಮತ್ತೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ನಾನು ಅವನ ಮುಖ ನೋಡಲಾರದೆ ಗೋಡೆಯ ಗಡಿಯಾರ ನೋಡಿದೆ.

ಕೊನೆಗೆ ರೆಕ್ಕೆಯನ್ನು ಬಾಗಿಲಿನ ಮೇಲೆ ಮೆಲ್ಲಗೆ ಇಟ್ಟು, ಕೆಳಗೆ ಕೂತ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಬಲಗೈ ತಾನೇ ತಾನಾಗಿ, ಕಾಲು ಬಡಿದುಕೊಳ್ಳುವ ಕೋಳಿಮರಿಯ ಹಾಗೆ ಅದುರುತ್ತಿತ್ತು.

"ಇನ್ನೊಂದು ರೆಕ್ಕಿ ಕಟ್ಟೂತನಕಾ ಇವು ಕೇಳ್ತಾವೋ ಇಲ್ಲೋ, ಶಾಂತಾ" ಎಂದ.

ಆಗ ಎಲ್ಲವೂ ಹೊರಗೆ ಬಂತು. ಬಾಗಲಕೋಟೆಯ ವೈದ್ಯರು, ಮೇಲಿನ ಮಹಡಿ, ಮಾತ್ರೆ, ನಮಗೆ ಹೇಳಿದರೆ ಚಿಂತೆ ಮಾಡುತ್ತೇವೆ ಎಂದು ಮುಚ್ಚಿಟ್ಟದ್ದು. ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಆ ಕಟ್ಟಡದ ಕೆಳಮಹಡಿಯನ್ನು ಮನಸ್ಸಿನಲ್ಲಿಯೇ ನೋಡುತ್ತ, ಪಾನ್ ಅಂಗಡಿಯ ಹಿಂದೆ ಟವಲು ಸುತ್ತಿಕೊಂಡು ನಿಂತ ಒಬ್ಬ ಮನುಷ್ಯನನ್ನು ನೋಡುತ್ತ ಕೂತೆ. ಅಂದಾದರೂ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ಎದ್ದು ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆಯ ಡಬ್ಬಿ ತಂದೆ.

ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ನೀವು ನೋಡಿರುತ್ತೀರಿ. ಎಣ್ಣೆ ಕುಡಿದ ಕಡೆ ಹಿಂದಿನ ಅಕ್ಷರವೂ ಮುಂದೆ ಕಾಣುತ್ತದೆ. ಝೆರಾಕ್ಸ್ ಹಾಳೆಯನ್ನು ಬೋರಲು ಹಾಕಿ, ಅರಿವೆಯಿಂದ ಎಣ್ಣೆ ತಿಕ್ಕಿದೆ. ಒಂದೊಂದಾಗಿ ಗೆರೆಗಳು ಒಳಗಿನಿಂದ ಎದ್ದು ಬಂದವು, ಎಲ್ಲ ತಿರುಗಿ ನಿಂತಿದ್ದವು. ಎಡಗಡೆಯ ರೆಕ್ಕೆ. ಅಣ್ಣ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ನಿನಗ ಹೆಂಗ ಗೊತ್ತೋ ಇದು?" ಎಂದ. ತೋಳು ಕತ್ತರಿಸುವವರಿಗೆ ಗೊತ್ತಿರುತ್ತದೆ ಎಂದೆ. ನನ್ನ ಮಾತಿನಲ್ಲಿ ಎಲ್ಲವೂ ಇತ್ತು. ಅವನು ಅದನ್ನು ಬಿಚ್ಚಿ ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಹೊಸ ಕಟ್ಟಿಗೆ ಬರಲು ತಡವಾಯಿತು. ಬಂದ ಮೇಲೆ ದಿನಾ ಅಂಗಡಿ ಮುಚ್ಚಿ ಅವನ ಜೊತೆ ಕೂತೆ. ಅವನು ಹೇಳುತ್ತಿದ್ದ, ನಾನು ಕತ್ತರಿಸುತ್ತಿದ್ದೆ. ಅವನು ಬೆರಳಿಟ್ಟಲ್ಲಿ ನಾನು ಸೂಜಿ ಚುಚ್ಚುತ್ತಿದ್ದೆ. ಕುಸುಬಿ ಎಣ್ಣೆಗೆ ಇರುವೆ ಮುತ್ತಿ, ಎಡರೆಕ್ಕೆಯ ಮೇಲೆ ಸಾಲು ಹಿಡಿದು ಹೋಗುತ್ತಿದ್ದವು. ಮೇಲಿನ ಹೊದಿಕೆ ಒಂದು ಥರದ ಬಟ್ಟೆ, ಬಿಸಿ ತಾಗಿದರೆ ಅಂಟಿಕೊಂಡು ಬಿಗಿಯಾಗುತ್ತದೆ. ನನ್ನ ಇಸ್ತ್ರಿಪೆಟ್ಟಿಗೆಯಿಂದ ನಾನೇ ಕೂರಿಸಿದೆ. ಒಂದು ಸುಕ್ಕು ಇಲ್ಲ. ಉಳಿದ ಚೂರುಗಳನ್ನು ಅಣ್ಣನಿಗೆ ಲೆಕ್ಕ ಹಿಡಿದು ವಾಪಸು ಕೊಟ್ಟೆ, ಅಭ್ಯಾಸ. ತಪ್ಪು ರೆಕ್ಕೆಯನ್ನು ಬಿಚ್ಚುವಾಗ ಒಂದು ಎಲುಬನ್ನು ಮಾತ್ರ ಕೇಳಿ ಇಟ್ಟುಕೊಂಡೆ.

ಜೋಳದ ಕೊಯ್ಲು ಮುಗಿದ ಮೇಲೆ, ಹುನಗುಂದದ ದಾರಿಗಿರುವ ಒಂದು ಎರೆ ಹೊಲವನ್ನು ಕುಂಟೆ ಹೊಡೆಸಿ ಸಪಾಟು ಮಾಡಿಸಿದ. ಬೆಳಿಗ್ಗೆ ನಾವಿಬ್ಬರೇ ಹೋದೆವು. ಊರಿಗೆ ಹೇಳೋಣ ಎಂದರೆ ಅಣ್ಣ ಬೇಡವೆಂದ. ವಿಮಾನವನ್ನು ನೆಲಕ್ಕೆ ಬಿಟ್ಟು ಎಂಜಿನ್ ಹಚ್ಚಿದಾಗ ಸುತ್ತಲಿನ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅದು ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ. ಅಣ್ಣನ ಕೈ ಹೇಗೆ ಅದುರುತ್ತಿತ್ತೋ ವಿಮಾನ ಆಕಾಶದಲ್ಲಿ ಹಾಗೆಯೇ ಅದುರುತ್ತಿತ್ತು. ರೆಕ್ಕೆ ಆ ಕಡೆ ಈ ಕಡೆ ತುಯ್ಯುತ್ತ, ಒಂದು ಸುತ್ತು ಹಾಕಿ ಬೇವಿನ ಮರದ ಕಡೆ ವಾಲಿತು.

"ಈರ್ಯಾ, ಹಿಡಿ."

ಮೊದಲು ತಿಳಿಯಲಿಲ್ಲ. "ಕೈ ಹಿಡಿಯೋ."

ಹಿಂದಿನಿಂದ ನಿಂತು ಅವನ ಎರಡೂ ಮಣಿಕಟ್ಟು ಹಿಡಿದೆ. ಮೊದಲ ದಿನ ಕತ್ತರಿ ಹಿಡಿಸುವಾಗ ಹುಸೇನಸಾಬ ಮಾಸ್ತರರು ನನ್ನ ಕೈ ಹೀಗೆಯೇ ಹಿಡಿದಿದ್ದರು: ನಡೆಸಬಾರದು, ತಡೆಯಬಾರದು, ನಡುಕವನ್ನಷ್ಟೇ ತಾನು ತೆಗೆದುಕೊಳ್ಳಬೇಕು. ಹೆಬ್ಬೆರಳು ಅಣ್ಣನವೇ ಆಡುತ್ತಿದ್ದವು. ವಿಮಾನ ನೆಟ್ಟಗಾಯಿತು. ಮೂರು ಸುತ್ತು ಸುತ್ತಿತು. ನಾನು ವಿಮಾನ ನೋಡಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದೆ. ಜೋಳದ ಹೊಲದ ಮರೆಯಲ್ಲಿ ನಿಂತು ನೋಡಿದ ದಿನ ಈ ಕೈಗೆ ಯಾರೂ ಬೇಕಿರಲಿಲ್ಲ. ನಾನು ಆ ಮಳೆಗಾಲ ಹಾಳುಮಾಡದಿದ್ದರೆ ಬಹುಶಃ ಬೇಕಾಗುತ್ತಿರಲಿಲ್ಲ. ಇಳಿಸುವಾಗ ಗಾಲಿ ಹೆಂಟೆಗೆ ಸಿಕ್ಕು ವಿಮಾನ ಮೂತಿ ಊರಿತು, ಮುಂದಿನ ಪಂಖ ಮುರಿಯಿತು. ರೆಕ್ಕೆಗಳಿಗೆ ಏನೂ ಆಗಲಿಲ್ಲ.

ಬದುವಿನ ಮೇಲೆ ಕೂತು ಶಾಂತವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಅಣ್ಣ ಸಣ್ಣ ಹುಡುಗನ ಹಾಗೆ ವಿಮಾನವನ್ನೇ ನೋಡುತ್ತಿದ್ದ. ನಾನು ರೊಟ್ಟಿ ಕೆಳಗಿಟ್ಟೆ. ಹೇಳಿಬಿಟ್ಟೆ. ನಾಲ್ಕು ಎಲುಬು ನಿಂತ ದಿನದಿಂದ ಶುರುಮಾಡಿ, ವಕೀಲರ ಬೋರ್ಡು, ಬಸ್ಸು, ಟವಲು, ಪಾಲಿನ ನಕ್ಷೆ, ದಿನಾ ಒಯ್ದ ಚಹಾ, ಎಲ್ಲ.

"ನಾ ಕಂಡಿದ್ನೋ ಅಣ್ಣಾ. ಕಂಡೂ ಸುಮ್ಕಿದ್ನಿ. ನಿನ್ನ ಕೈ ನಾನಽ ತಿಂದೆ."

ಅಣ್ಣ ರೊಟ್ಟಿಯ ಚೂರನ್ನು ಇರುವೆಗಳ ಕಡೆ ಹಾಕಿದ. ಕೈ ಒರೆಸಿಕೊಂಡ. ಮುರಿದ ಪಂಖವನ್ನು ತಿರುಗಿಸಿ ನೋಡಿದ. ನಾನು ಬೈಗುಳಕ್ಕೆ ಕಾದೆ.

"ಈರ್ಯಾ" ಎಂದ. "ಬಾದಾಮ್ಯಾಗ ನಿನ್ನ ಕರದಂಟು ಮಂಗ್ಯಾ ಒಯ್ದಿರಲಿಲ್ಲೋ. ನಾನಽ ತಿಂದಿದ್ನಿ."

ನಲವತ್ತೈದು ವರ್ಷ ಈ ಮಾತಿಗೆ ಕಾದಿದ್ದೆ. ಬಂದರೆ ಏನು ಅನ್ನಬೇಕು ಎಂಬುದನ್ನೂ ಎಷ್ಟೋ ಸಲ ಹೊಲಿದು ಇಟ್ಟುಕೊಂಡಿದ್ದೆ. ಆದರೆ ಅವನು ಹಾಗೆ ಹೇಳಿದ ಕೂಡಲೇ, ಇಷ್ಟು ವರ್ಷ ಒಮ್ಮೆಯೂ ನೆನಪಾಗದ್ದು ನೆನಪಾಯಿತು. ನಳದ ಹತ್ತಿರ ನಾನು ನೀರು ಕುಡಿದು ತಲೆ ಎತ್ತಿದ್ದೆ. ಎದುರಿನ ಕೆಂಪು ಕಲ್ಲಿನ ಗೋಡೆಯ ಮೇಲೆ ಒಂದು ಮಂಗ ಕೂತು, ಹಲ್ಲಿಗೆ ಅಂಟಿದ್ದನ್ನು ಬೆರಳಿನಿಂದ ಕೀಳುತ್ತಿತ್ತು. ಅದರ ಕಾಲಿನ ಕೆಳಗೆ ಕೆಂಪು ಚೌಕಳಿಯ ಬಟ್ಟೆಯ ಚೂರಿತ್ತು.

ಅಣ್ಣನ ಮುಖ ನೋಡಿದೆ. ಅವನು ವಿಮಾನದ ಕಡೆ ನೋಡುತ್ತಿದ್ದ.

"ಖರೆ ಹೇಳ್ತಿಯೇನು?" ಎಂದೆ.

"ಖರೇನಽ. ಭಾಳ ಛಲೋ ಇತ್ತು."

ನಾನು ಮತ್ತೆ ಕೇಳಲಿಲ್ಲ. ಬಿಸಿಲು ಏರುತ್ತಿತ್ತು. ಅವನು ಎದ್ದು ಬಲರೆಕ್ಕೆಯ ಕಡೆಗೆ ನಿಂತ. ನಾನು ಎಡಗಡೆಗೆ ಹೋಗಿ ಹಿಡಿದೆ.